ಇಂಜೆಕ್ಷನ್ ಕಿಟ್ ತರಿಸುವ ಮೊದಲು ಡೆಲ್ಕೊ ಮೇಲಿನ ನಂಬರ್ ಓದಿ

ಪ್ರಶ್ನೆ: ನಾನು ಶಿಡ್ಲಘಟ್ಟದ ರೇಷ್ಮೆ ರೀಲರ್. ನಮ್ಮ ತಂದೆಯವರು 1981ರಲ್ಲಿ ಬೆಂಗಳೂರಿನಿಂದ ಕೊಂಡು ತಂದ 1969ರ ಫೋಕ್ಸ್‌ವ್ಯಾಗನ್ ಬೀಟಲ್ ಇನ್ನೂ ಮನೆಯಲ್ಲಿದೆ. ಹಳೆಯ ಎಂಜಿನ್ ಕೈಕೊಟ್ಟಾಗ 1600 ಸಿಸಿಯ ಡ್ಯುಯಲ್ ಪೋರ್ಟ್ ಎಂಜಿನ್ ಕೂರಿಸಿದೆವು. ಅದಕ್ಕೆ ಸೋಲೆಕ್ಸ್ 34 ಪಿಕ್ಟ್-3 ಕಾರ್ಬ್ಯುರೇಟರ್ ಇದೆ. ಈಗ ಮೂರು ತೊಂದರೆಗಳು. ಆಕ್ಸಿಲರೇಟರ್ ಒತ್ತಿದೊಡನೆ ಗಾಡಿ ಒಂದು ಕ್ಷಣ ಉಸಿರು ಹಿಡಿದಂತೆ ನಿಂತು ಆಮೇಲೆ ಎಳೆಯುತ್ತದೆ. ಬೇಸಿಗೆಯಲ್ಲಿ ನಂದಿ ಬೆಟ್ಟ ಹತ್ತುವಾಗ ಮುಕ್ಕಾಲು ದಾರಿಯಲ್ಲಿ ಆಫ್ ಆಗುತ್ತದೆ, ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ಡಿಸೆಂಬರ್ ಬೆಳಗ್ಗೆ ಹತ್ತು ಸಲ ಸೆಲ್ಫ್ ಹೊಡೆಯಬೇಕು. ಎಥನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ಎಲ್ಲವೂ ಹೆಚ್ಚಾಗಿದೆ. ಮೆಕ್ಯಾನಿಕ್ ‘ಕಾರ್ಬ್ಯುರೇಟರ್ ಕಥೆ ಮುಗಿಯಿತು’ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಮಗ, ಕಾರ್ಬ್ಯುರೇಟರ್ ಬದಲಿಗೆ ಕಂಪ್ಯೂಟರ್ ಅಳತೆಯಲ್ಲಿ ಪೆಟ್ರೋಲ್ ಚಿಮ್ಮಿಸುವ, ತಾನೇ ಕಲಿತು ತಾನೇ ಟ್ಯೂನ್ ಆಗುವ ಥ್ರಾಟಲ್ ಬಾಡಿ ಇಂಜೆಕ್ಷನ್ ಕಿಟ್ಟನ್ನು ಅಮೆರಿಕದಿಂದ ತರಿಸುತ್ತೇನೆ ಎನ್ನುತ್ತಾನೆ. ಹಳೆಯ ಕಾರುಗಳ ಗೆಳೆಯರೊಬ್ಬರು, ಗಾಳಿಯಿಂದ ತಣಿಯುವ ಎಂಜಿನ್‌ಗೆ ಇಂಜೆಕ್ಷನ್ ಹಾಕಿದರೆ ಪಿಸ್ಟನ್ ಸುಡುತ್ತದೆ ಎಂದು ಹೆದರಿಸಿದ್ದಾರೆ. ಯಾರ ಮಾತು ಕೇಳಲಿ? ಯಾವ ಕಿಟ್ ಕೊಳ್ಳಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಕಾಯಿಲೆ ಮೂರಿವೆ, ಔಷಧಿ ಒಂದೇ ಇದೆ. ತುಮಕೂರಿನ ನನ್ನ ವರ್ಕ್‌ಶಾಪಿಗೆ ಬರುವ ಹಳೆಯ ಕಾರುಗಳವರಲ್ಲಿ ಅರ್ಧ ಜನ ಹೀಗೆಯೇ ಬರುತ್ತಾರೆ. ಕೈಯಲ್ಲಿ ಕಿಟ್ಟಿನ ಚಿತ್ರವಿರುತ್ತದೆ, ಗಾಡಿಯ ಟ್ಯಾಪೆಟ್ ಕ್ಲಿಯರೆನ್ಸ್, ಅಂದರೆ ವಾಲ್ವ್ ತುದಿಯ ಸಂದು, ನೋಡಿ ಎಷ್ಟು ದಿನವಾಯಿತು ಎಂದು ಕೇಳಿದರೆ ಮುಖ ನೋಡುತ್ತಾರೆ. ನೀವು ಹಾಗೆ ಎಂದು ಹೇಳುತ್ತಿಲ್ಲ. ಆದರೆ ನೀವು ಬರೆದ ಮೂರು ತೊಂದರೆಗಳಲ್ಲಿ ಒಂದಕ್ಕೂ ಇಂಜೆಕ್ಷನ್ ಮೊದಲ ಔಷಧಿ ಅಲ್ಲ. ಎರಡರ ಮೂಲವನ್ನು ಅದು ಮುಟ್ಟುವುದೇ ಇಲ್ಲ.

ಮೊದಲು ನಿಮ್ಮ ಗೆಳೆಯರ ಭಯ ತೀರಿಸುತ್ತೇನೆ. ಗಾಳಿ ತಣಿಸುವ ಎಂಜಿನ್‌ಗೂ ಇಂಜೆಕ್ಷನ್‌ಗೂ ಹಗೆತನವೇನೂ ಇಲ್ಲ. ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಎಂಬ ಎಲೆಕ್ಟ್ರಾನಿಕ್ ಇಂಜೆಕ್ಷನ್ 1967ರಲ್ಲಿ ಮೊದಲು ಬಂದದ್ದೇ ಫೋಕ್ಸ್‌ವ್ಯಾಗನ್ನಿನ ಟೈಪ್ 3 ಕಾರಿಗೆ, ಅದರ ಎಂಜಿನ್ ನಿಮ್ಮ ಬೀಟಲ್ ಎಂಜಿನ್ನಿನ ಒಡಹುಟ್ಟು. 1975ರಿಂದ ಅಮೆರಿಕದಲ್ಲಿ ಮಾರಿದ ಬೀಟಲ್‌ಗಳಿಗೆ ಕಾರ್ಖಾನೆಯೇ ಇಂಜೆಕ್ಷನ್ ಕೊಟ್ಟಿತು. ಮೆಕ್ಸಿಕೋದ ಪ್ಯೂಬ್ಲಾದಲ್ಲಿ 2003ರ ಜುಲೈ 30ರಂದು ಹೊರಬಂದ ಕೊನೆಯ ಬೀಟಲ್ ಕೂಡ ಇಂಜೆಕ್ಷನ್ ಗಾಡಿಯೇ. ಅಷ್ಟು ದೂರ ಯಾಕೆ, ನಿಮ್ಮ ಘಟಕದ ಹುಡುಗರ ಬೈಕುಗಳನ್ನೇ ನೋಡಿ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲೆ ಸ್ಪ್ಲೆಂಡರ್‌ಗೂ ಇಂಜೆಕ್ಷನ್ ಬಂತು. ಅದೂ ಗಾಳಿಯಿಂದಲೇ ತಣಿಯುತ್ತದೆ, ಪಿಸ್ಟನ್ ಸುಟ್ಟುಕೊಂಡು ನಿಂತಿಲ್ಲ. ಪಿಸ್ಟನ್ ಸುಡುವುದು ಭಾರ ಎಳೆಯುವಾಗ ಪೆಟ್ರೋಲ್ ಸಾಲದೆ ಹೋದರೆ, ಟೈಮಿಂಗ್, ಅಂದರೆ ಕಿಡಿ ಬೀಳುವ ಗಳಿಗೆ, ಅತಿಯಾಗಿ ಮುಂದಿದ್ದರೆ, ತಣಿಸುವ ಗಾಳಿ ಹೋಗಬೇಕಾದಲ್ಲಿಗೆ ಹೋಗದಿದ್ದರೆ. ಈ ಮೂರನ್ನೂ ಕಾರ್ಬ್ಯುರೇಟರ್ ಇಟ್ಟುಕೊಂಡೇ ಧಾರಾಳವಾಗಿ ಮಾಡಬಹುದು.

ಇನ್ನು ಆಕ್ಸಿಲರೇಟರ್ ಒತ್ತಿದಾಗ ಉಸಿರು ಹಿಡಿಯುವುದು. ಎಂಜಿನ್ ಬದಲಾಯಿಸಿದಾಗ ಡೆಲ್ಕೊ, ಅಂದರೆ ಸಿಲಿಂಡರ್ ಸಿಲಿಂಡರಿಗೂ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಯಾವುದು ಹಾಕಿದರು ಎಂದು ನೀವು ಬರೆದಿಲ್ಲ. ನೂರಕ್ಕೆ ಎಂಬತ್ತು ಸಲ ಅದು ‘009’ ಎಂದು ಕರೆಯುವ ಡೆಲ್ಕೊ ಆಗಿರುತ್ತದೆ. ಅಗ್ಗ, ಎಲ್ಲ ಕಡೆ ಸಿಗುತ್ತದೆ, ನೋಡಲು ಅಚ್ಚುಕಟ್ಟು. ಆದರೆ ಅದರಲ್ಲಿ ವ್ಯಾಕ್ಯೂಮ್ ಅಡ್ವಾನ್ಸ್ ಇಲ್ಲ, ಒಳಗಿನ ತೂಕದ ತುಂಡುಗಳು ತಿರುಗುವ ವೇಗಕ್ಕೆ ತಕ್ಕಂತೆ ಹೊರಚೆಲ್ಲಿ ಟೈಮಿಂಗ್ ಮುಂದೆ ಮಾಡುತ್ತವೆ, ಅಷ್ಟೆ. ನಿಮ್ಮ 34 ಪಿಕ್ಟ್-3 ಮಾತ್ರ ವ್ಯಾಕ್ಯೂಮ್ ಇರುವ ಡೆಲ್ಕೊ ಜೊತೆ ಬಾಳಲೆಂದು ತಯಾರಾದದ್ದು. ಥ್ರಾಟಲ್, ಅಂದರೆ ಗಾಳಿಯ ಬಾಗಿಲು, ಸ್ವಲ್ಪ ತೆರೆದೊಡನೆ ವ್ಯಾಕ್ಯೂಮಿನ ಸೆಳೆತದ ಮೂಲಕ ಕಾರ್ಬ್ಯುರೇಟರ್‌ನಿಂದ ಡೆಲ್ಕೊಗೆ ಸುದ್ದಿ ಹೋಗಿ, ಎಂಜಿನ್ ವೇಗ ಏರುವ ಮೊದಲೇ ಕಿಡಿ ಬೇಗ ಬೀಳಬೇಕು. 009ಕ್ಕೆ ಆ ಸುದ್ದಿ ತಲುಪುವ ದಾರಿಯೇ ಇಲ್ಲ. ಅದಕ್ಕೇ ಆ ಒಂದು ಕ್ಷಣದ ಮೌನ. ಅದರ ಮೇಲೆ ಥ್ರಾಟಲ್ ಬಾಡಿ ಕೂರಿಸಿ, ಕಿಡಿಯನ್ನು ಅದೇ ಡೆಲ್ಕೊಗೆ ಬಿಟ್ಟರೆ ಮೌನ ಸ್ವಲ್ಪ ಚಿಕ್ಕದಾಗಬಹುದು, ಹೋಗುವುದಿಲ್ಲ.

ಡೆಲ್ಕೊ ಸರಿ ಇದೆ ಎಂದೇ ಇಟ್ಟುಕೊಳ್ಳಿ. ಆಗ ನೋಡಬೇಕಾದದ್ದು ಗಾಳಿ-ಪೆಟ್ರೋಲ್ ಮಿಶ್ರಣವನ್ನು ಸಿಲಿಂಡರ್‌ಗಳಿಗೆ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್. ಡ್ಯುಯಲ್ ಪೋರ್ಟ್ ಎಂಜಿನ್ನಿನಲ್ಲಿ ಅದು ಮೂರು ತುಂಡು, ನಡುವಿನ ಕಬ್ಬಿಣದ ಕೊಳವೆ ಮತ್ತು ಎರಡು ಕಡೆಯ ಅಲ್ಯೂಮಿನಿಯಂ ಕೈಗಳು. ಅವನ್ನು ಕೂಡಿಸುವುದು ಎರಡು ರಬ್ಬರ್ ಬೂಟುಗಳು. ಅವುಗಳ ಕೆಳಭಾಗ ಬಿರಿದಿರುತ್ತದೆ, ಮೇಲಿನಿಂದ ನೋಡಿದರೆ ಹೊಸತರಂತೆ ಹೊಳೆಯುತ್ತಿರುತ್ತದೆ. ಬೆರಳನ್ನು ಅಡಿಯಿಂದ ತೂರಿಸಿ ಸವರಿ ನೋಡಿ. ಆಮೇಲೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು, ಕಾರ್ಬ್ಯುರೇಟರ್ ಕೆಳಗೆ ಎರಡೂ ಬದಿಗೆ ಇಳಿಯುವ ಸಣ್ಣ ಕೊಳವೆಯನ್ನು ಮುಟ್ಟಿ. ಸೈಲೆನ್ಸರ್ ಕಡೆಯ ಬಿಸಿ ಹೊಗೆ ಅದರಲ್ಲಿ ಹರಿದು ಮ್ಯಾನಿಫೋಲ್ಡನ್ನು ಬೆಚ್ಚಗಿಡಬೇಕು. ಎರಡೂ ಬದಿ ಸುಡುವಂತಿರಬೇಕು. ಒಂದು ಬದಿ ತಣ್ಣಗಿದ್ದರೆ ಒಳಗೆ ಮಸಿ ಕಟ್ಟಿಕೊಂಡಿದೆ ಎಂದೇ ಅರ್ಥ. ಆಗ ಪೆಟ್ರೋಲ್ ಆವಿಯಾಗಿ ಉಳಿಯದೆ ಉದ್ದದ ಕೊಳವೆಯ ಗೋಡೆಗೆ ಹನಿಯಾಗಿ ಅಂಟುತ್ತದೆ. ನಿಮ್ಮ ಮಗ ಹೇಳುವ ಕಿಟ್ ಕೂಡ ಇದೇ ಕೊಳವೆಯ ಮೇಲೆಯೇ ಕೂರುತ್ತದೆ ಎಂಬುದನ್ನು ನೆನಪಿಡಿ, ಮುಂದೆ ಈ ಮಾತಿಗೆ ಮರಳುತ್ತೇನೆ.

ಡಿಸೆಂಬರ್ ಬೆಳಗಿನದು ಸುಲಭ. ಈ ಕಾರ್ಬ್ಯುರೇಟರ್‌ನ ಬಲಗಡೆ ಗುಂಡಗಿನ ಡಬ್ಬಿಯೊಂದಿದೆ, ಅದೇ ಆಟೊ ಚೋಕ್. ಅದಕ್ಕೆ ಒಂದು ವೈರ್ ಬರುತ್ತದೆ. ನಮ್ಮ ಕಡೆ ಆ ವೈರ್ ಕಿತ್ತು ಚೋಕ್ ಫ್ಲಾಪನ್ನು ತೆರೆದಂತೆಯೇ ಕಟ್ಟಿಬಿಡುವ ರೂಢಿಯಿದೆ, ‘ಮೈಲೇಜ್‌ಗೆ ಒಳ್ಳೆಯದು’ ಎಂದು. ರಾತ್ರಿಯಿಡೀ ನಿಂತ ಗಾಡಿಯ ಏರ್ ಕ್ಲೀನರ್ ತೆಗೆದು ಆಕ್ಸಿಲರೇಟರ್ ಒಮ್ಮೆ ಒತ್ತಿ ಬಿಡಿ. ಫ್ಲಾಪ್ ಮುಚ್ಚಬೇಕು. ಸ್ಟಾರ್ಟ್ ಆದ ಮೇಲೆ ಕೆಲವು ನಿಮಿಷಗಳಲ್ಲಿ ತಾನೇ ತೆರೆಯಬೇಕು. ಮುಚ್ಚದಿದ್ದರೆ ನಿಮ್ಮ ಚಳಿಗಾಲದ ಕಥೆ ಅಲ್ಲಿಗೆ ಮುಗಿಯಿತು.

ನಂದಿ ಬೆಟ್ಟದ ವಿಷಯಕ್ಕೆ ಬರುತ್ತೇನೆ, ಇದು ಸ್ವಲ್ಪ ಸ್ವಾರಸ್ಯದ್ದು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಕಾರ್ಬ್ಯುರೇಟರ್‌ಗೆ ಅದು ತಿಳಿಯುವುದಿಲ್ಲ, ಇಂಜೆಕ್ಷನ್‌ಗೆ ತಿಳಿಯುತ್ತದೆ ಎಂದು ಕಿಟ್ ಮಾರುವವರು ಹೇಳುತ್ತಾರೆ. ಮಾತು ನಿಜ, ಅಳತೆ ಹಾಕಿ ನೋಡಿ. ಶಿಡ್ಲಘಟ್ಟ ಸಮುದ್ರಮಟ್ಟದಿಂದ ಸುಮಾರು 880 ಮೀಟರ್, ನಂದಿ 1478 ಮೀಟರ್. ಈ 600 ಮೀಟರಿನಲ್ಲಿ ಗಾಳಿಯ ಸಾಂದ್ರತೆ ಇಳಿಯುವುದು ನೂರಕ್ಕೆ ಆರರಷ್ಟು. ಕಾರ್ಬ್ಯುರೇಟರ್ ಮಿಶ್ರಣ ಗಟ್ಟಿಯಾಗುವುದು ಅದರ ಅರ್ಧದಷ್ಟು, ಸುಮಾರು ಮೂರು. ಮೂರಕ್ಕೆ ಯಾವ ಬೀಟಲ್ಲೂ ಆಫ್ ಆಗುವುದಿಲ್ಲ. ಅಲ್ಲಿ ಕಳೆದುಹೋಗುವ ನೂರಕ್ಕೆ ಆರು ಬಲವನ್ನು ಇಂಜೆಕ್ಷನ್ ಕೂಡ ಮರಳಿ ಕೊಡಲಾರದು, ಗಾಳಿಯೇ ಇಲ್ಲದಿದ್ದರೆ ಅದು ತಾನೆ ಏನು ಮಾಡೀತು.

ನಿಮ್ಮ ಗಾಡಿ ನಿಲ್ಲುವುದು ಎತ್ತರಕ್ಕಲ್ಲ, ಬಿಸಿಗೆ. ಪೆಟ್ರೋಲ್ ಪಂಪ್ ಎಂಜಿನ್ ಮೈಮೇಲೆಯೇ, ಡೆಲ್ಕೊ ಪಕ್ಕದಲ್ಲಿ ಕೂತಿದೆ. ಎರಡನೇ ಗೇರಿನಲ್ಲಿ ತಿರುವು ಹತ್ತುವಾಗ ಎಂಜಿನ್ ದುಡಿಯುತ್ತಿರುತ್ತದೆ, ಗಾಡಿ ಸಾಗುವುದು ಕಡಿಮೆ. ಪಂಪಿನಲ್ಲಿ, ಹೋಸಿನಲ್ಲಿ, ಫ್ಲೋಟ್ ಬಟ್ಟಲಿನಲ್ಲಿ ಪೆಟ್ರೋಲ್ ಕುದಿದು ಆವಿಯಾಗುತ್ತದೆ. ಪಂಪ್ ಆವಿಯನ್ನು ತಳ್ಳಲಾರದು. ಅರ್ಧ ಗಂಟೆಯಲ್ಲಿ ತಣಿದು ಮತ್ತೆ ಸ್ಟಾರ್ಟ್ ಆಗುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಬರಿಯ ಪೆಟ್ರೋಲಿಗಿಂತ ಬೇಗ ಆವಿಯಾಗುವ ಸ್ವಭಾವದ್ದು, ನೀವು ಗಮನಿಸಿದ್ದು ಸರಿಯಾಗಿಯೇ ಇದೆ.

ಆದರೆ ಅಷ್ಟು ಬಿಸಿ ಎಲ್ಲಿಂದ? ಹಿಂದಿನ ಮುಚ್ಚಳ ತೆರೆದು, ಟಾರ್ಚ್ ಹಿಡಿದು, ಎಂಜಿನ್ ಸುತ್ತಲಿನ ತಗಡಿಗೂ ಬಾಡಿಗೂ ನಡುವೆ ನೋಡಿ. ಕೆಳಗಿನ ನೆಲ ಕಾಣಿಸಿದರೆ ಅಲ್ಲಿರಬೇಕಾದ ರಬ್ಬರ್ ಪಟ್ಟಿ ಹೋಗಿದೆ. ಈ ಎಂಜಿನ್ನಿನ ಜೀವವೇ ಆ ಪಟ್ಟಿಯಲ್ಲಿದೆ. ಫ್ಯಾನ್ ಮೇಲಿನಿಂದ ತಣ್ಣನೆಯ ಗಾಳಿ ಎಳೆದು ಸಿಲಿಂಡರ್‌ಗಳ ಮೇಲೆ ಬೀಸಿ ಕೆಳಕ್ಕೆ ಬಿಡುತ್ತದೆ. ಪಟ್ಟಿ ಇಲ್ಲದಿದ್ದರೆ ಕೆಳಗೆ ಬಿಟ್ಟ ಅದೇ ಬಿಸಿಗಾಳಿಯನ್ನು, ಸೈಲೆನ್ಸರ್ ಬಿಸಿಯ ಸಮೇತ, ಮತ್ತೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ಎಂಜಿನ್ ಬದಲಾಯಿಸುವಾಗ ತಗಡಿನ ಎರಡು ಮೂರು ತುಂಡುಗಳನ್ನು ‘ಇವು ಯಾಕೆ’ ಎಂದು ಮೂಲೆಗೆಸೆದ ಗಾಡಿಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ನೋಡಲು ಬರೇ ಮುಚ್ಚಳದ ತಗಡು, ಮಾಡುವುದು ರೇಡಿಯೇಟರಿನ ಕೆಲಸ. ನಿಮ್ಮಲ್ಲಿ ಒಂದೂ ಕಡಿಮೆ ಇರಬಾರದು. ಹಾಗೆಯೇ ಮೂರನೆಯ ಸಿಲಿಂಡರ್ ಹೆಚ್ಚು ಬಿಸಿಯಾಗುತ್ತದೆ ಎಂದೂ ನಿಮ್ಮ ಗೆಳೆಯರು ಹೆದರಿಸಿರಬಹುದು. ಹಳೆಯ ಫ್ಯಾನ್ ಗೂಡಿನೊಳಗೆ ಆಯಿಲ್ ಕೂಲರ್ ಅದಕ್ಕೆ ಹೋಗುವ ಗಾಳಿಯ ದಾರಿಗೆ ಅಡ್ಡ ನಿಲ್ಲುತ್ತಿತ್ತು. 1971ರ ಮಾದರಿಯಿಂದ ಕೂಲರನ್ನು ಹಿಂದಕ್ಕೆ ಪ್ರತ್ಯೇಕ ಗೂಡಿಗೆ ಸರಿಸಿದರು. ನಿಮ್ಮ 1600 ಎಂಜಿನ್ ಮೇಲೆ 1969ರ ಹಳೆಯ ಗೂಡನ್ನೇ ಕೂರಿಸಿದ್ದಾರೋ ಎಂದು ಪರೀಕ್ಷಿಸಿ.

ಈಗ ಇ20, ಅಂದರೆ ನೀವು ಹೇಳಿದ ಎಥನಾಲ್ ಬೆರೆತ ಪೆಟ್ರೋಲ್. ಇಲ್ಲಿ ಮಾತ್ರ ಇಂಜೆಕ್ಷನ್ ಪರವಾಗಿ ಗಟ್ಟಿಯಾದ ವಾದವಿದೆ. ಬರಿಯ ಪೆಟ್ರೋಲ್ ಒಂದು ಕಿಲೋ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆತರೆ ಸುಮಾರು 13.5 ಸಾಕು. ಅಂದರೆ ಅದೇ ಗಾಳಿಗೆ ನೂರಕ್ಕೆ ಎಂಟೊಂಬತ್ತರಷ್ಟು ಹೆಚ್ಚು ಇಂಧನ ಕೊಡಬೇಕು. ಕಾರ್ಬ್ಯುರೇಟರ್‌ನ ಜೆಟ್ ತೂತಿಗೆ ಈ ಬದಲಾವಣೆ ಗೊತ್ತಾಗುವುದಿಲ್ಲ, ಮಿಶ್ರಣ ತೆಳುವಾಗುತ್ತದೆ. ಆದರೆ ನಮ್ಮ ಬಯಲುಸೀಮೆಯ ಎತ್ತರ ಈ ಸಾಲದ ಅರ್ಧವನ್ನು ಮೊದಲೇ ತೀರಿಸಿರುತ್ತದೆ. ಸಮುದ್ರಮಟ್ಟಕ್ಕೆಂದು ಕೊಟ್ಟ ಜೆಟ್ 880 ಮೀಟರಿನಲ್ಲಿ ನೂರಕ್ಕೆ ನಾಲ್ಕರಷ್ಟು ಗಟ್ಟಿಯಾಗಿಯೇ ಇರುತ್ತದೆ. ಉಳಿದದ್ದು ಇನ್ನೊಂದು ನಾಲ್ಕೈದು. ತೂತಿನ ವಿಸ್ತೀರ್ಣ ನಾಲ್ಕರಷ್ಟು ಹೆಚ್ಚಲು ವ್ಯಾಸ ಎರಡರಷ್ಟು ಹೆಚ್ಚಿದರೆ ಸಾಕು. 127.5ರ ಮೇನ್ ಜೆಟ್ ಇದ್ದರೆ 130 ಹಾಕಿ. ಐಡ್ಲಿಂಗ್ ಜೆಟ್ ಕೂಡ ಒಂದು ಮೆಟ್ಟಿಲು ದೊಡ್ಡದಿರಲಿ. ಇದರ ಖರ್ಚು ನಿಮ್ಮ ಮಗನ ಕಿಟ್ಟಿನ ಸಾಗಣೆ ಖರ್ಚಿನಷ್ಟೂ ಆಗುವುದಿಲ್ಲ.

ಜೆಟ್‌ಗಿಂತ ನನಗೆ ಹೆಚ್ಚು ಚಿಂತೆ ಹೋಸ್ ಪೈಪಿನದು. ಹಳೆಯ ಬಟ್ಟೆ ಹೊದಿಕೆಯ ಹೋಸ್ ಎಥನಾಲ್‌ಗೆ ಮೆತ್ತಗಾಗಿ, ಆಮೇಲೆ ಬಿರಿಯುತ್ತದೆ. ಬೀಟಲ್ ಎಂಜಿನ್ನಿನ ಕೇಸ್ ಮೆಗ್ನೀಸಿಯಂ ಮಿಶ್ರಲೋಹ. ಹೊತ್ತಿಕೊಂಡರೆ ನೀರು ಸುರಿದಷ್ಟೂ ಕೆರಳುವ ಬೆಂಕಿ ಅದು. ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಒಳಬರುವ ಹಿತ್ತಾಳೆಯ ಮೂತಿಯನ್ನು ಬರೇ ಒತ್ತಿ ಕೂರಿಸಿರುತ್ತಾರೆ. ಬೆರಳಲ್ಲಿ ತಿರುಗಿಸಿ ನೋಡಿ, ಅಲುಗಿದರೆ ಆ ದಿನ ಗಾಡಿ ತೆಗೆಯಬೇಡಿ. ಹಿಂದಿನ ಸೀಟಿನ ಕೆಳಗೆ ಬ್ಯಾಟರಿಯ ಮೇಲೆ ಮುಚ್ಚಳ ಇದೆಯೇ ಎಂದೂ ನೋಡಿ. ದಪ್ಪ ಮನುಷ್ಯರು ಕೂತಾಗ ಸೀಟಿನ ಸ್ಪ್ರಿಂಗ್ ಬ್ಯಾಟರಿ ತುದಿಗೆ ತಗುಲಿ ಹೊಗೆ ಎದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಇದಕ್ಕೂ ಇಂಜೆಕ್ಷನ್‌ಗೂ ಸಂಬಂಧವಿಲ್ಲ, ನೆನಪಾಯಿತು, ಹೇಳಿದೆ.

ಇಷ್ಟನ್ನೂ ಸರಿಮಾಡಿ ಒಂದು ಮಳೆಗಾಲ, ಒಂದು ಬೇಸಿಗೆ ಓಡಿಸಿದ ಮೇಲೂ ಇಂಜೆಕ್ಷನ್ ಬೇಕೆನಿಸಿದರೆ ನಾನು ಅಡ್ಡ ಬರುವುದಿಲ್ಲ. ಚೆನ್ನಾಗಿ ಕೂರಿಸಿದ ಇಂಜೆಕ್ಷನ್ ಒಂದು ಸುಖ. ಮೊದಲ ಸೆಲ್ಫಿಗೆ ಸ್ಟಾರ್ಟ್, ಐಡ್ಲಿಂಗ್ ನಿಶ್ಚಲ, ನಾಲ್ಕೂ ಸಿಲಿಂಡರ್‌ಗೆ ಸಮಪಾಲು, ಬಂಕಿನವರು ಏನು ಬೆರೆಸಿದರೂ ಸರಿಹೊಂದಿಕೊಳ್ಳುತ್ತದೆ. ಹೆಚ್ಚಿನ ಶಕ್ತಿ ಮಾತ್ರ ನಿರೀಕ್ಷಿಸಬೇಡಿ. 50 ಅಶ್ವಶಕ್ತಿಯ ಎಂಜಿನ್ 50ರ ಆಸುಪಾಸಿನಲ್ಲೇ ಇರುತ್ತದೆ.

ಮಗ ಹೇಳುವ ಥ್ರಾಟಲ್ ಬಾಡಿ ಕಿಟ್ ಬಗ್ಗೆ. ಕಾರ್ಬ್ಯುರೇಟರ್ ಬಿಚ್ಚಿದ ಜಾಗದಲ್ಲಿ ಕೂರುತ್ತದೆ, ಸೈಲೆನ್ಸರ್ ಪೈಪಿನಲ್ಲಿ ಒಂದು ಆಮ್ಲಜನಕ ಸೆನ್ಸರ್, ಅದನ್ನು ನೋಡಿ ತಾನೇ ಕಲಿಯುತ್ತದೆ. ಕೇಳಲು ಇಂಪಾಗಿದೆ. ಮೊದಲ ತಕರಾರು, ಇಂಥವುಗಳಲ್ಲಿ ಬಹುಪಾಲು ಅಮೆರಿಕದ ಎಂಟು ಸಿಲಿಂಡರಿನ ದೈತ್ಯ ಎಂಜಿನ್‌ಗಳಿಗೆಂದು ತಯಾರಾದವು. ನಿಮ್ಮ ಎಂಜಿನ್ನಿಗೆ ಪೂರ್ಣ ಭಾರದಲ್ಲಿ ಬೇಕಾಗುವುದು ಗಂಟೆಗೆ ಸುಮಾರು 17 ಲೀಟರ್ ಪೆಟ್ರೋಲ್, ಪ್ರತಿ ಸಿಲಿಂಡರಿಗೆ ನಿಮಿಷಕ್ಕೆ 100 ಸಿಸಿಯ ಇಂಜೆಕ್ಟರ್ ಇದ್ದರೆ ಆಯಿತು. ದೊಡ್ಡ ಇಂಜೆಕ್ಟರಿಗೆ ಐಡ್ಲಿಂಗ್‌ನಲ್ಲಿ ಅಷ್ಟು ಸಣ್ಣ ಗುಟುಕು ಕೊಡಲು ಬರುವುದಿಲ್ಲ, ಹಂಡೆಯಿಂದ ಚಮಚಕ್ಕೆ ಬಗ್ಗಿಸಿದ ಹಾಗೆ. ಕಿಟ್ ಜೊತೆ ಬರುವ ಗಂಟೆಗೆ 255 ಲೀಟರಿನ ಪಂಪ್ ಉಳಿದ ಪೆಟ್ರೋಲನ್ನೆಲ್ಲ ಸುಮ್ಮನೆ ಸುತ್ತಿಸಿ ಬಿಸಿ ಮಾಡುತ್ತದೆ. ಎರಡನೆಯದು, ಮ್ಯಾನಿಫೋಲ್ಡ್ ಅದೇ. ಮಸಿ ಕಟ್ಟಿದ ಕೊಳವೆಯಲ್ಲಿ ಕಾರ್ಬ್ಯುರೇಟರ್‌ನ ಪೆಟ್ರೋಲ್ ಗೋಡೆಗೆ ಅಂಟಿದಂತೆ ಇದರ ಪೆಟ್ರೋಲೂ ಅಂಟುತ್ತದೆ. ಮೂರನೆಯದೇ ನನ್ನನ್ನು ನಿಜವಾಗಿ ಕಾಡಿಸಿದ್ದು.

ಒಬ್ಬರ ಬೀಟಲ್‌ಗೆ ಇಂಥದ್ದೇ ಕಿಟ್ ಕೂರಿಸಿದ್ದೆ. ಮೊದಲ ವಾರ ಹೊಗಳಿಕೆ. ಎರಡನೇ ವಾರ ಕ್ಯಾತಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋದವರು ಅಲ್ಲಿಂದಲೇ ಫೋನ್ ಮಾಡಿದರು, ಕಪ್ಪು ಹೊಗೆ, ಪ್ಲಗ್‌ಗಳೆಲ್ಲ ಮಸಿ. ಕಂಪ್ಯೂಟರ್ ನೋಡಿದರೆ ಅದು ‘ಪೆಟ್ರೋಲ್ ಸಾಲದು, ಸಾಲದು’ ಎನ್ನುತ್ತಾ ಸುರಿಯುತ್ತಲೇ ಇತ್ತು. ಮೂರು ದಿನ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಹೀಟ್ ಎಕ್ಸ್‌ಚೇಂಜರ್ ಮತ್ತು ಸೈಲೆನ್ಸರ್ ಸೇರುವ ಕ್ಲಾಂಪಿನಲ್ಲಿ ಕೂದಲೆಳೆಯಷ್ಟು ಬಿರುಕು. ಹೊಗೆಯ ಪ್ರತಿ ಮಿಡಿತದ ಹಿಂದೆ ಹೊರಗಿನ ಗಾಳಿ ಒಳಕ್ಕೆ ಹೀರಿಕೊಂಡು ಸೆನ್ಸರಿಗೆ ಮುಟ್ಟುತ್ತಿತ್ತು. ಸೆನ್ಸರ್ ಆಮ್ಲಜನಕ ಕಂಡಿತು, ಮಿಶ್ರಣ ತೆಳುವಾಗಿದೆ ಎಂದು ವರದಿ ಮಾಡಿತು, ಕಂಪ್ಯೂಟರ್ ಪೆಟ್ಟಿಗೆ ನಂಬಿತು. ತಾನೇ ಕಲಿಯುವ ಯಂತ್ರಕ್ಕೆ ಸುಳ್ಳು ಪಾಠ ಹೇಳಿದರೆ ಅದನ್ನೂ ಶ್ರದ್ಧೆಯಿಂದಲೇ ಕಲಿಯುತ್ತದೆ. ಕಾರ್ಬ್ಯುರೇಟರ್ ಇದ್ದಾಗ ಆ ಬಿರುಕು ಬರೇ ಒಂದು ಟಪ್ ಟಪ್ ಸದ್ದಾಗಿತ್ತು.

ಇನ್ನೊಂದು ದಾರಿ ಪ್ರತಿ ಸಿಲಿಂಡರ್ ಬಾಯಿಗೆ ಒಂದು ಇಂಜೆಕ್ಟರ್. ಅಲ್ಯೂಮಿನಿಯಂ ಕೈಗಳಲ್ಲಿ ಇಂಜೆಕ್ಟರ್ ಕೂರುವ ಗೂಡು ಕೂರಿಸಿ, ನಡುವೆ ಒಂದೇ ಥ್ರಾಟಲ್ ಇಟ್ಟು, ನಾವೇ ಟ್ಯೂನ್ ಮಾಡಬಹುದಾದ ಮೈಕ್ರೊಸ್ಕ್ವರ್ಟ್ ಅಥವಾ ಸ್ಪೀಡ್ಯುಯಿನೊ ಥರದ ಪೆಟ್ಟಿಗೆಯಿಂದ ನಡೆಸುವುದು. ಪೆಟ್ರೋಲ್ ವಾಲ್ವ್ ಹತ್ತಿರವೇ ಬೀಳುವುದರಿಂದ ಕೊಳವೆಯ ಗೋಡೆಯ ರಗಳೆ ಇಲ್ಲ. ಕಿಡಿಯನ್ನೂ ಇದರ ಕೈಗೆ ಕೊಡಬಹುದು, ಎಂಜಿನ್ ಎಷ್ಟು ತಿರುಗಿದೆ ಎಂದು ಪೆಟ್ಟಿಗೆಗೆ ತಿಳಿಸಲು ಎಂಜಿನ್ ಪುಲ್ಲಿಯ ಮೇಲೆ 36ರಲ್ಲಿ ಒಂದು ಹಲ್ಲು ಕಳೆದ ಚಕ್ರ ಕೂರಿಸಿದರೆ ಡೆಲ್ಕೊ ಹಂಗೇ ತಪ್ಪುತ್ತದೆ. ನನ್ನ ಮತ ಇದಕ್ಕೆ. ಅಪಾಯ ಏನೆಂದರೆ, ಇದು ಕೊಳ್ಳುವ ವಸ್ತುವಲ್ಲ, ಮಾಡಿಸುವ ಕೆಲಸ. ಲ್ಯಾಪ್‌ಟಾಪ್ ಹಿಡಿದು ಪಕ್ಕದ ಸೀಟಿನಲ್ಲಿ ಕೂತು ಗಂಟೆಗಟ್ಟಲೆ ಟ್ಯೂನ್ ಮಾಡುವವರು ಬೇಕು. ನಿಮ್ಮ ಮಗನಿಗೆ ಸಾಫ್ಟ್‌ವೇರ್ ಗೊತ್ತಿದ್ದರೆ ಅವನ ಉತ್ಸಾಹಕ್ಕೆ ಇದೇ ಸರಿಯಾದ ಜಾಗ. ಟ್ಯೂನ್ ಮಾಡುವಾಗ ಗಾಳಿ-ಪೆಟ್ರೋಲ್ ಅನುಪಾತದ ಸಂಖ್ಯೆಯನ್ನು ಹಿಡಿಯದೆ ಲ್ಯಾಂಬ್ಡಾ ಹಿಡಿಯಲು ಹೇಳಿ. ಇಂಧನ ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ ಇದ್ದರೆ ಲ್ಯಾಂಬ್ಡಾ 1, ಅದಕ್ಕಿಂತ ಕಡಿಮೆ ಎಂದರೆ ಮಿಶ್ರಣ ಗಟ್ಟಿ. ಎಥನಾಲ್ ಎಷ್ಟಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಪೂರ್ತಿ ಒತ್ತಿದಾಗ 0.85ರ ಆಸುಪಾಸು, ಸಮತಟ್ಟಿನಲ್ಲಿ ನಿಧಾನವಾಗಿ ಸಾಗುವಾಗ 1ರ ಹತ್ತಿರ.

ಯಾವ ಪೆಟ್ಟಿಗೆಯೇ ಇರಲಿ, ಮಾರುವವರಿಗೆ ಒಂದು ಪ್ರಶ್ನೆ ಕೇಳಿ: ಎಂಜಿನ್ ಬಿಸಿ ಎಲ್ಲಿಂದ ಅಳೆಯುತ್ತದೆ? ನೀರಿನ ಎಂಜಿನ್ನಿನ ಪೆಟ್ಟಿಗೆಗೆ ನೀರು 80–90 ಡಿಗ್ರಿ ಮುಟ್ಟಿದರೆ ಎಂಜಿನ್ ಬೆಚ್ಚಗಾಯಿತು ಎಂದು ಅರ್ಥ. ನಿಮ್ಮಲ್ಲಿ ನೀರೇ ಇಲ್ಲ. ವರ್ಷಗಳ ಹಿಂದೆ, ಈಗಿನಷ್ಟು ತಿಳಿಯದ ಕಾಲದಲ್ಲಿ, ಒಂದು ಸಣ್ಣ ಕಾರಿನ ಪೆಟ್ಟಿಗೆ ತೆಗೆದು ಬೀಟಲ್‌ಗೆ ಹಾಕಿ, ಅದರ ಸೆನ್ಸರನ್ನು ಆಯಿಲ್‌ನಲ್ಲಿ ಮುಳುಗಿಸಿದ್ದೆ. ಚಳಿಗಾಲದ ಸಣ್ಣ ಓಡಾಟದಲ್ಲಿ ಆಯಿಲ್ 60 ಡಿಗ್ರಿ ದಾಟಲೇ ಇಲ್ಲ. ಪೆಟ್ಟಿಗೆ ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಚೋಕ್ ಎಳೆದಂತೆ ಪೆಟ್ರೋಲ್ ಕೊಡುತ್ತಲೇ ಇತ್ತು. ಮಾಲೀಕರು ‘ಆಯಿಲ್ ಕಡಿಮೆಯೇ ಆಗುತ್ತಿಲ್ಲ’ ಎಂದು ಖುಷಿಪಟ್ಟರು. ಡಿಪ್‌ಸ್ಟಿಕ್ ಎಳೆದು ಮೂಸಿದೆ. ಆಯಿಲ್ ಗುರುತಿಗಿಂತ ಒಂದು ಬೆರಳು ಮೇಲಿತ್ತು, ವಾಸನೆ ಬಂಕಿನದು. ಈ ಎಂಜಿನ್ ಹಿಡಿಯುವುದೇ ಎರಡೂವರೆ ಲೀಟರ್ ಆಯಿಲ್, ಅದರಲ್ಲಿ ಅರ್ಧ ಲೀಟರ್ ಪೆಟ್ರೋಲ್ ಸೇರಿದರೆ ಬೇರಿಂಗ್‌ಗಳ ಗತಿ ಏನು! ಆ ಬಾರಿ ಬೇರಿಂಗ್ ಉಳಿದವು, ಕೆಲಸದ ದುಡ್ಡು ನಾನು ತೆಗೆದುಕೊಳ್ಳಲಿಲ್ಲ. ಸೆನ್ಸರ್ ಸಿಲಿಂಡರ್ ಹೆಡ್ಡಿನಲ್ಲಿರಬೇಕು, ಅದರ ಅಳತೆಯ ಕೋಷ್ಟಕವನ್ನು ಪೆಟ್ಟಿಗೆಯಲ್ಲಿ ನಾವೇ ತಿದ್ದುವಂತಿರಬೇಕು. ಇದಕ್ಕೆ ಹೌದು ಎನ್ನದ ಕಿಟ್ಟನ್ನು ಬಿಟ್ಟೇಬಿಡಿ.

ಕಾರ್ಖಾನೆಯ ಹಳೆಯ ಇಂಜೆಕ್ಷನ್ ಭಾಗಗಳನ್ನು ಹೊರದೇಶದಿಂದ ಹುಡುಕಿ ತರಿಸುವವರಿದ್ದಾರೆ. ಅರ್ಧ ಶತಮಾನದ ಹಿಂದಿನ ಎಲೆಕ್ಟ್ರಾನಿಕ್ಸ್ ಅದು. ಶೋಕಿಗೆ ಸರಿ, ನಂದಿಗೆ ಬೇಡ.

ಪೆಟ್ಟಿಗೆಗಿಂತ ದೊಡ್ಡ ಕೆಲಸ ಕೊಳವೆ ಮತ್ತು ಕರೆಂಟಿನದು, ಇಲ್ಲಿಯೇ ಜನ ಜಿಪುಣರಾಗುತ್ತಾರೆ. ಈಗಿನ ಪಂಪಿನ ಒತ್ತಡ ಬಾರ್‌ನ ಕಾಲು ಭಾಗ, ಇಂಜೆಕ್ಷನ್‌ಗೆ ಮೂರು ಬಾರ್. ಅಂದರೆ ಹನ್ನೆರಡು ಪಟ್ಟು. ಈಗ ತೊಟ್ಟಿಕ್ಕುವ ಜಾಗದಲ್ಲಿ ಆಗ ಚಿಮ್ಮುತ್ತದೆ. ಟ್ಯಾಂಕ್ ಮುಂದೆ, ಎಂಜಿನ್ ಹಿಂದೆ, ನಡುವೆ ನೆಲದ ಸುರಂಗದೊಳಗೆ ಹಾದುಹೋಗುವ ಐವತ್ತು ವರ್ಷದ ಉಕ್ಕಿನ ಕೊಳವೆ. ಅದನ್ನು ಒತ್ತಡ ಹಾಕಿ ಪರೀಕ್ಷಿಸದೆ ಬಳಸಬಾರದು. ಮರಳಿ ಟ್ಯಾಂಕಿಗೆ ಹೋಗಲು ಇನ್ನೊಂದು ಕೊಳವೆ, ಟ್ಯಾಂಕಿಗೆ ಇನ್ನೊಂದು ಬಾಯಿ. ಹೋಸ್ ಮೇಲೆ ‘ಜೆ30 ಆರ್9’ ಎಂದು ಅಚ್ಚಾಗಿರಬೇಕು, ಆರ್7 ಎಂದಿದ್ದರೆ ಅದು ಕಾರ್ಬ್ಯುರೇಟರ್‌ನದು. ಪಂಪಿಗೆ ರಿಲೇ, ಎಂಜಿನ್ ತಿರುಗದಿದ್ದರೆ ಪಂಪ್ ತಾನೇ ನಿಲ್ಲುವ ವ್ಯವಸ್ಥೆ, ಗುದ್ದಿದರೆ ಕರೆಂಟ್ ಕಡಿಯುವ ಸ್ವಿಚ್, ಇವು ಇಲ್ಲದೆ ನಾನು ಕೀಲಿ ಕೊಡುವುದಿಲ್ಲ.

ಕರೆಂಟು: ನಿಮ್ಮಲ್ಲಿ ಇನ್ನೂ ಡೈನಮೊ ಇದ್ದರೆ ಅದರ ಗರಿಷ್ಠ 30 ಆಂಪಿಯರ್, ಐಡ್ಲಿಂಗ್‌ನಲ್ಲಿ ಹೆಚ್ಚುಕಡಿಮೆ ಸೊನ್ನೆ. ಪಂಪ್, ಇಂಜೆಕ್ಟರ್, ಸೆನ್ಸರಿನ ಹೀಟರ್ ಸೇರಿ ಎಂಟು ಹತ್ತು ಆಂಪಿಯರ್ ತಿನ್ನುತ್ತವೆ, ಹೆಡ್‌ಲೈಟ್ ಇನ್ನೊಂದು ಹತ್ತು. ರಾತ್ರಿ ಚಿಂತಾಮಣಿ ರಸ್ತೆಯಲ್ಲಿ ಮಳೆ, ವೈಪರ್, ಮುಂದೆ ಲಾರಿ ಸಾಲು ಎಂದಿಟ್ಟುಕೊಳ್ಳಿ. ಬ್ಯಾಟರಿ ಇಳಿದರೆ ಕಾರ್ಬ್ಯುರೇಟರ್ ಗಾಡಿ ಮಂಕಾಗಿ ಓಡುತ್ತದೆ, ಇಂಜೆಕ್ಷನ್ ಗಾಡಿ ನಿಲ್ಲುತ್ತದೆ. ಆಲ್ಟರ್ನೇಟರ್ ಮೊದಲು, ಇಂಜೆಕ್ಷನ್ ಆಮೇಲೆ.

ಕಾಗದಪತ್ರದ ಮಾತೂ ಇದೆ. ನಿಮ್ಮ ಎಂಜಿನ್ ಬದಲಾಗಿದೆ. ನೋಂದಣಿ ಪತ್ರದಲ್ಲಿ ಹೊಸ ಎಂಜಿನ್ ನಂಬರ್ ಸೇರಿಸಿದ್ದೀರಾ? ಇಲ್ಲದಿದ್ದರೆ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಅದನ್ನು ಮೊದಲು ಸರಿಪಡಿಸಿಕೊಳ್ಳಿ. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ‘ವಿಎ’ ಸಾಲಿನ ಪ್ರತ್ಯೇಕ ನಂಬರ್ ಇದೆ, ಆದರೆ ಗಾಡಿ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ಮಾರ್ಪಡಿಸಿರಬಾರದು ಎಂಬ ಷರತ್ತೂ ಇದೆ. ಮೇಲಾಗಿ ಆ ನಂಬರ್ ಪಡೆದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಆ ಆಸೆ ನಿಮಗಿದ್ದರೆ ಇಂಜೆಕ್ಷನ್ ಕೈಬಿಡಿ. ಇಲ್ಲದಿದ್ದರೂ ಬಿಚ್ಚಿದ ಕಾರ್ಬ್ಯುರೇಟರ್, ಪಂಪ್, ಮ್ಯಾನಿಫೋಲ್ಡ್ ಎಲ್ಲವನ್ನೂ ಎಣ್ಣೆ ಸವರಿ ಒಂದು ಪೆಟ್ಟಿಗೆಯಲ್ಲಿಡಿ, ಗುಜರಿಯವರಿಗೆ ಹಾಕಬೇಡಿ. ಮ್ಯಾನಿಫೋಲ್ಡ್ ಕೊರೆಯುವುದಿದ್ದರೆ ಬೇರೆಯದೊಂದನ್ನು ಕೊಂಡು ಕೊರೆಯಿರಿ.

ಮಗನಿಗೆ ಆರ್ಡರ್ ಸದ್ಯಕ್ಕೆ ನಿಲ್ಲಿಸಲು ಹೇಳಿ. ಈ ಭಾನುವಾರ ಅವನು ಬಂದಾಗ ಇಬ್ಬರೂ ಹಿಂದಿನ ಮುಚ್ಚಳ ತೆರೆದು, ಡೆಲ್ಕೊ ಮೈಮೇಲಿನ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ. ಕೆತ್ತಿದ ನಂಬರ್ ಕಾಣಿಸುತ್ತದೆ. 0 231 178 009 ಎಂದಿದ್ದರೆ, ಅಥವಾ ಪಕ್ಕದಲ್ಲಿ ವ್ಯಾಕ್ಯೂಮಿನ ಗುಂಡು ಡಬ್ಬಿ ಇಲ್ಲದೆ ಮೈ ಬೋಳಾಗಿದ್ದರೆ, ವ್ಯಾಕ್ಯೂಮ್ ಇರುವ ಡೆಲ್ಕೊ ತರಿಸಿ ಹಾಕಿ. ಟ್ಯಾಪೆಟ್ ತಣ್ಣಗಿರುವಾಗ 0.15 ಮಿಲಿಮೀಟರ್, ಡೆಲ್ಕೊ ಒಳಗಿನ ಪಾಯಿಂಟ್ ಸಂದು 0.4. ಆಮೇಲೆ ನಂದಿಗೆ ಹೋಗಿ ಬಂದು ನನಗೆ ಬರೆಯಿರಿ, ನಿಂತಿದ್ದರೆ ಎಷ್ಟನೆಯ ತಿರುವಿನಲ್ಲಿ ನಿಂತಿತು, ಆಗ ಮುಂದಿನ ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು ಎಂಬುದನ್ನೂ ಸೇರಿಸಿ.